ಕೈಮಾತು

“ಏಯ್, ಹೊಲಸು ಮುಂಡೇವಾ! ಆ ಏಪ್ರನ್ ಬಿಚ್ಚಿ ಅಂದ್ನಲ್ಲ, ಕಿವೀಲಿ ಏನು ಸೋಪು ತುಂಬ್ಕೊಂಡಿದ್ದೀರಾ? ದೊಡ್ಡ ದೊಡ್ಡೋರೆಲ್ಲ ನೋಡ್ತಾರೆ ಇವತ್ತು. ರಕ್ತ, ಹೇಲು, ವಾಂತಿ ಮೆತ್ಕೊಂಡು ನಿಂತ್ರೆ ಆಸ್ಪತ್ರೆ ಮಾನ ಉಳಿಯುತ್ತೇನ್ರೇ?”

ಸೂಪರ್‌ವೈಸರ್ ಗಂಟಲ ನರ ಉಬ್ಬುವ ಹಾಗೆ ಕಿರುಚಿದ. ಏನು ಕಿರುಚಿದರೂ ಬಟ್ಟೆ ಒಗೆಯುವ ಆ ನೆಲಮಾಳಿಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಯಾರಿಗೂ ಕೇಳಿಸುವುದಿಲ್ಲ. ಅವನ ಬಾಯಿ ಅಗಲವಾಗಿ ತೆರೆದು ಮುಚ್ಚುವುದು, ಉಗುಳು ಹಾರುವುದು, ಕೈ ತಮ್ಮ ಎದೆಯ ಕಡೆ ತೋರಿಸುವುದು ಹೆಂಗಸರಿಗೆ ಕಂಡಿತು. ಅಷ್ಟು ಸಾಕಿತ್ತು. ಅವರಲ್ಲಿ ಹಳಬಳಾದ ದೊಡ್ಡಕ್ಕ ತನ್ನ ಏಪ್ರನ್ನಿನ ದಾರ ಬಿಚ್ಚಿದಳು. ಅವನು ಹೊಸ ನೀಲಿ ಏಪ್ರನ್‌ಗಳ ಕಟ್ಟನ್ನು ಮಡಿಚುವ ಮೇಜಿನ ಮೇಲೆ ಎಸೆದು, ಅವಳ ಕಿವಿಯ ಹತ್ತಿರ ಬಾಯಿ ತಂದು ಇನ್ನೊಂದು ಮಾತು ಸೇರಿಸಿದ.

“ಮುಗಿದ ಮೇಲೆ ಮಡಿಚಿ ವಾಪಸ್ ಕೊಡ್ಬೇಕು. ಉಟ್ಕೊಂಡು ಮನೆಗೆ ಹೋಗ್ಬಿಟ್ಟೀರಾ, ದರಿದ್ರದೋರು.”

ಅವನು ಆಚೆ ತಿರುಗಿದ್ದೇ ತಡ, ಹಿಂಡುವ ಮಿಷನ್ನಿನ ಹತ್ತಿರ ನಿಂತಿದ್ದ ಉದ್ದಕ್ಕ ಮುಷ್ಟಿ ಕಟ್ಟಿ ತುಟಿಗಿಟ್ಟು ಕೆನ್ನೆ ಉಬ್ಬಿಸಿದಳು. ಹಾಗೆಂದರೆ ‘ಪೀಪಿ’. ಸೂಪರ್‌ವೈಸರನ ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತಿತ್ತು. ಮಾತು ಕೇಳಿಸದಿದ್ದರೆ ಸೀಟಿ ಊದುತ್ತಿದ್ದ, ಸೀಟಿಯೂ ಸರಿಯಾಗಿ ಕೇಳಿಸುತ್ತಿರಲಿಲ್ಲ, ಆದರೂ ಊದುತ್ತಿದ್ದ. ಅದಕ್ಕೇ ಅವನ ಹೆಸರು ಪೀಪಿ. ಉದ್ದಕ್ಕ ಮುಷ್ಟಿ ತೆಗೆದು ಹಿಂಭಾಗ ಒರೆಸುವ ಹಾಗೆ ಕೈ ಮಾಡಿ ತೋರಿಸಿದಳು. ಅದಕ್ಕೆ ಅರ್ಥ ಹೇಳಬೇಕಾಗಿಲ್ಲ. ಹೆಂಗಸರೆಲ್ಲ ಮುಖ ತಗ್ಗಿಸಿ ನಕ್ಕರು.

ಮೇಲಿನ ಮಹಡಿಗಳಲ್ಲಿ ಗೋಡೆ ಗೋಡೆಗೂ ‘ನಿಶ್ಶಬ್ದ’ ಎಂದು ಬರೆದಿದೆ. ಡಾಕ್ಟರುಗಳು ಮೆತ್ತನೆ ಚಪ್ಪಲಿಯಲ್ಲಿ ಓಡಾಡುತ್ತಾರೆ, ನರ್ಸುಗಳು ಪಿಸುಗುಟ್ಟುತ್ತಾರೆ. ಅಲ್ಲಿ ಉಳಿಸಿದ ಸದ್ದನ್ನೆಲ್ಲ ತಂದು ಕೆಳಗೆ ಸುರಿದಿದ್ದಾರೋ ಅನ್ನಬೇಕು. ಒಗೆಯುವ ಮಿಷನ್ನುಗಳು, ಹಿಂಡುವವು, ಒಣಗಿಸುವ ಡ್ರಮ್ಮುಗಳು, ಇಸ್ತ್ರಿಯ ರೋಲರು, ಇವೆಲ್ಲಕ್ಕೂ ಹಬೆ ಕೊಡುವ ಬಾಯ್ಲರು. ಹಗಲೂ ರಾತ್ರಿ ಪಾಳಿಯ ಮೇಲೆ ಪಾಳಿ, ಅವು ನಿಂತದ್ದನ್ನು ಕಂಡವರಿಲ್ಲ. ಅಲ್ಲಿ ಕೆಲಸಕ್ಕೆ ಸೇರಿದ ಹೊಸಬಳು ಮೊದಲ ವಾರ ಕಿರುಚಿ ಕಿರುಚಿ ಗಂಟಲು ಕಳೆದುಕೊಳ್ಳುತ್ತಾಳೆ. ಆಮೇಲೆ ಕೈಮಾತು ಕಲಿಯುತ್ತಾಳೆ. ಮೂಗು ಹಿಡಿದರೆ ಹೇಲು ಮೆತ್ತಿದ ಬಟ್ಟೆ ಬಂತು ಎಂದು. ಮಣಿಕಟ್ಟಿನಿಂದ ಬೆರಳು ಆಡಿಸುತ್ತ ಕೆಳಗಿಳಿಸಿದರೆ ರಕ್ತ. ತೋರುಬೆರಳಿನಿಂದ ಅಂಗೈ ಚುಚ್ಚಿಕೊಂಡರೆ ಬಟ್ಟೆಯಲ್ಲಿ ಸೂಜಿ. ಬಾಯಿಗೆ ಅಂಗೈ ಒತ್ತಿದರೆ ಸುಮ್ಮನಿರು. ಹೇಳಿದ್ದು ತಲುಪಿದವಳು ಎದೆಗೆ ಅಂಗೈಯಿಂದ ಎರಡು ಸಲ ತಟ್ಟಬೇಕು. ಅದಕ್ಕೆ ‘ಬಂತು’ ಅನ್ನುತ್ತಾರೆ. ತಟ್ಟುವವರೆಗೂ ಹೇಳಿದವಳು ಬಿಡುವುದಿಲ್ಲ, ಮತ್ತೆ ಮತ್ತೆ ಹೇಳುತ್ತಲೇ ಇರುತ್ತಾಳೆ.

ದೊಡ್ಡಕ್ಕ ಎಷ್ಟು ಕಾಲದಿಂದ ಆ ಕೋಣೆಯಲ್ಲಿದ್ದಳೆಂದರೆ, ಮನೆಗೆ ಹೋದರೂ ಕೈ ಸುಮ್ಮನಿರುತ್ತಿರಲಿಲ್ಲ. ಅಂಗಡಿಯವನ ಹತ್ತಿರ ಸಾಮಾನು ಕೇಳುವಾಗಲೂ ಎದೆ ತಟ್ಟಿಕೊಳ್ಳುತ್ತಿದ್ದಳು. ಅಂಗಡಿಯವನು ಇವಳಿಗೇನೋ ಎದೆನೋವು ಎಂದುಕೊಂಡಿದ್ದ.

ಅವಳ ತಂಗಿಯೂ ಅಲ್ಲೇ ಕೆಲಸಕ್ಕಿದ್ದಳು. ಮೈಕಟ್ಟು ಸಣ್ಣದು, ಅದಕ್ಕೆ ಎಲ್ಲರೂ ಸಣ್ಣಿ ಅನ್ನುತ್ತಿದ್ದರು. ವಾರ್ಡಿನಿಂದ ತಳ್ಳುಗಾಡಿಯಲ್ಲಿ ಬರುವ ಗಂಟು ಬಿಚ್ಚಿ, ಹಾಸಿಗೆ ಬಟ್ಟೆ ಒಂದೊಂದೇ ಕೊಡವಿ ಮಿಷನ್ನಿಗೆ ಹಾಕುವುದು ಅವಳ ಕೆಲಸ. ಕೊಡವದೆ ಹಾಕಿದರೆ ಒಳಗೆ ಏನೇನೋ ಉಳಿದು ಮಿಷನ್ ಕೆಡುತ್ತದೆ. ಮಿಷನ್ ಕೆಡಬಾರದು.

ಹೋದ ವರ್ಷ ಆಸ್ಪತ್ರೆಯ ಮೇಲೆ ಸಾಕ್ಷ್ಯಚಿತ್ರ ತೆಗೆಯಲು ಒಬ್ಬ ಮೇಡಂ ಬಂದಿದ್ದಳು. ಕೆಟ್ಟವಳಲ್ಲ. ನೆಲದ ಮೇಲೆ ಕೂತು ಇವರ ಜೊತೆ ಚಹಾ ಕುಡಿದಿದ್ದಳು. ಕ್ಯಾಮೆರಾ ಎತ್ತಿಕೊಂಡಾಗ ಮಾತ್ರ ಒಂದೇ ಮಾತು: “ಕೆಲಸ ಮಾಡ್ತಾ ಇರಿ. ಕ್ಯಾಮೆರಾ ನೋಡ್ಬೇಡಿ. ಸ್ವಲ್ಪ ನಗ್ತಾ ಇರಿ.” ಆ ದಿನವೇ ಸಣ್ಣಿ ಒಂದು ಬಟ್ಟೆ ಕೊಡವಿದಳು, ಮಡಿಕೆಯಲ್ಲಿದ್ದ ಸೂಜಿ ಅಂಗೈಗೆ ಹೊಕ್ಕಿತು. ಬುಡದ ತನಕ ಹೊಕ್ಕಿತು. ಅವಳು ಕಿತ್ತು ಎತ್ತಿ ಹಿಡಿದಳು. ಡ್ರಮ್ಮುಗಳ ಆಚೆ ನಿಂತಿದ್ದ ಅಕ್ಕನಿಗೆ ಕೈಯಲ್ಲಿ ಹೇಳಿದಳು: ಸೂಜಿ. ರಕ್ತ. ಅಷ್ಟರಲ್ಲಿ ಪೀಪಿ ಬಂದ, ಸೂಜಿ ಕಿತ್ತುಕೊಂಡ, ಏನೋ ಬೈದ. ಅವನು ಹೋದ ಮೇಲೆ ಅವಳು ಮತ್ತೆ ಹೇಳಿದಳು: ಪೀಪಿ. ನಲ್ಲಿ ಕೆಳಗೆ ತೊಳ್ಕೋ ಅಂದ. ಬಾಯ್ಮುಚ್ಚು ಅಂದ. ದೊಡ್ಡಕ್ಕ ಎದೆ ತಟ್ಟಿದಳು, ಬಂತು. ಎಷ್ಟು ಆಳ ಎಂದು ಬೆರಳಲ್ಲಿ ಕೇಳಿದಳು. ಸಣ್ಣಿ ಬೆರಳಿನ ಗೆಣ್ಣು ತೋರಿಸಿದಳು. ಅಷ್ಟೂ ಹೊತ್ತು ನಗುತ್ತಲೇ ಇದ್ದಳು, ಪಾಪದ ಹುಡುಗಿ, ನಗಬೇಕೆಂದು ಮೇಡಂ ಹೇಳಿದ್ದರಲ್ಲ. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. ದೊಡ್ಡಕ್ಕ ಅದನ್ನು ಕಣ್ಣಾರೆ ಕಂಡಿದ್ದಳು.

ಮಳೆಗಾಲ ಕಳೆಯುವಷ್ಟರಲ್ಲಿ ಸಣ್ಣಿಗೆ ಬಿಡದ ಜ್ವರ. ರಕ್ತ ಪರೀಕ್ಷೆ ಆಯಿತು. ‘ಆ ಕಾಯಿಲೆ’ ಅಂದರು. ಕಾಯಿಲೆಗೆ ಹೆಸರಿತ್ತು, ಆದರೆ ಅವತ್ತಿನಿಂದ ಮನೆಯಲ್ಲಿ, ಬೀದಿಯಲ್ಲಿ ಎಲ್ಲರೂ ಹಾಗೇ ಅಂದರು. ಗಂಡ ಬಟ್ಟೆಯ ಗಂಟು ಹೊರಗಿಟ್ಟು ಬಾಗಿಲು ಹಾಕಿಕೊಂಡ. ಅವನ ರಕ್ತ ಪರೀಕ್ಷೆ ಮಾಡಿದರು, ಅವನಿಗೆ ಏನೂ ಇರಲಿಲ್ಲ. ಅದು ಇನ್ನೂ ಕೆಟ್ಟದಾಯಿತು. ಹಾಗಾದರೆ ಇವಳು ಎಲ್ಲಿಂದ ತಂದಳು ಎಂದು ಕೇಳುವುದಕ್ಕೆ ಊರಿಗೆಲ್ಲ ಬಾಯಿ ಬಂತು. ಆಸ್ಪತ್ರೆ ಅವಳನ್ನು ಕೆಲಸದಿಂದ ತೆಗೆಯಿತು.

ಅಕ್ಕ ತಂಗಿ ಇಬ್ಬರೂ ದೊಡ್ಡ ಡಾಕ್ಟರರ ಕೋಣೆಯ ಮುಂದೆ ನಿಂತು ಕಾದರು. ಅವರು ಕೋಣೆಗೆ ಕರೆಯಲಿಲ್ಲ. ಹೊರರೋಗಿಗಳ ಸಾಲಿನ ಮಧ್ಯೆ, ಹೋಗುತ್ತ ಹೋಗುತ್ತಲೇ ಮಾತಾಡಿದರು.

“ನೋಡಮ್ಮ, ನಮ್ಮ ವಾರ್ಡಿಂದ ಸೂಜಿ ಬಟ್ಟೆ ಜೊತೆ ಹೋಗೋದಿಲ್ಲ. ಅದಕ್ಕೆ ಬೇರೆ ಡಬ್ಬಿ ಇದೆ.”

“ಬಂದಿತ್ತು ಸಾರ್. ದಿನಾ ಬರುತ್ತೆ ಸಾರ್. ಇವಳ ಕೈಗೆ ಚುಚ್ಚಿದ್ದನ್ನ ಸೂಪರ್‌ವೈಸರ್ರೇ ನೋಡಿದ್ರು.”

ಪಕ್ಕದಲ್ಲಿದ್ದ ಪೀಪಿ ಎರಡೂ ಕೈ ಕಟ್ಟಿಕೊಂಡು, “ಅಂಥದ್ದೇನೂ ಆಗಿಲ್ಲ ಸಾರ್,” ಅಂದ. ಕಣ್ಣು ಮಿಟುಕಿಸಲಿಲ್ಲ, ಬದ್ಮಾಶ್.

ದೊಡ್ಡ ಡಾಕ್ಟರು ಸಣ್ಣಿಯ ಕಡೆ ಮೊದಲ ಸಲ ನೋಡಿದರು. “ಈ ಕಾಯಿಲೆ ಬರೋ ದಾರಿಗಳು ಎಲ್ಲರಿಗೂ ಗೊತ್ತು. ನಿನ್ನ ಗಂಡನಿಗಿಲ್ಲ. ಅಂದ್ಮೇಲೆ ಎಲ್ಲಿಂದ ಬಂತು ಅಂತ ನಿನ್ನನ್ನೇ ನೀನು ಕೇಳ್ಕೋ. ನಮ್ಮನ್ನ ಕೇಳ್ಬೇಡ. ಇಲ್ಲೇ ಚುಚ್ಚಿತು ಅನ್ನೋದಕ್ಕೆ ಸಾಕ್ಷಿ ತಂದ್ರೆ ಔಷಧಿ, ಕೆಲಸ, ಎಲ್ಲ ಆಸ್ಪತ್ರೆನೇ ನೋಡ್ಕೊಳ್ಳುತ್ತೆ. ಸಾಕ್ಷಿ ಇದೆಯಾ?”

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಒಬ್ಬ ಹೆಂಗಸು ತನ್ನ ಮಗುವನ್ನು ಆ ಮಗ್ಗುಲಿನಿಂದ ಈ ಮಗ್ಗುಲಿಗೆ ಎಳೆದುಕೊಂಡಳು. ಸಣ್ಣಿ ಅವತ್ತಿನಿಂದ ಅಕ್ಕನ ಒಂಟಿ ಕೋಣೆಯ ಮೂಲೆ ಬಿಟ್ಟು ಹೊರಗೆ ಬರಲಿಲ್ಲ. ತನ್ನ ತಟ್ಟೆ ಲೋಟ ಬೇರೆ ಇಟ್ಟುಕೊಂಡಳು. ಬೇಡವೇ ಹುಚ್ಚೀ, ಹಾಗೆಲ್ಲ ಅಂಟುವುದಿಲ್ಲ ಎಂದು ಅಕ್ಕ ಎಷ್ಟು ಬೈದರೂ ಕೇಳಲಿಲ್ಲ.

ಹೀಗಿರುವಾಗ ಕ್ಯಾಮೆರಾ ಮೇಡಂ ಫೋನ್ ಮಾಡಿದಳು. ಚಿತ್ರ ಮುಗಿದಿದೆ, ‘ಆರೋಗ್ಯ ಬಳಗ’ ಅಂತ ಒಂದು ಗುಂಪಿದೆ, ಎಲ್ಲೆಲ್ಲಿಯವರೋ ಫೋನಿನಲ್ಲೇ ಸೇರಿಕೊಂಡು ಒಟ್ಟಿಗೆ ಚಿತ್ರ ನೋಡಿ ಮಾತಾಡುತ್ತಾರೆ, ಈ ಭಾನುವಾರ ನಮ್ಮದು, ದೊಡ್ಡ ಡಾಕ್ಟರೂ ಇರುತ್ತಾರೆ, ನೀವೂ ಬರಲೇಬೇಕು ಅಂದಳು.

ದೊಡ್ಡಕ್ಕ ಫೋನನ್ನು ಕಿವಿಗೆ ಒತ್ತಿಕೊಂಡಳು. “ಮೇಡಂ, ಅವತ್ತು ನಮ್ಮ ಸಣ್ಣಿದು ತೆಗೆದ್ರಲ್ಲ, ಅವಳೂ ನಾನೂ ಆಚೆ ಈಚೆ ನಿಂತ್ಕೊಂಡು... ಅದು ಇದೆಯಾ?”

“ಇರದೆ ಏನಮ್ಮ! ಪೂರ್ತಿ ಇದೆ. ನೋಡಿದೋರೆಲ್ಲ ಅದನ್ನೇ ಹೇಳ್ತಾರೆ. ಇಡೀ ಚಿತ್ರದಲ್ಲಿ ಅದೇ ಎಲ್ಲರಿಗೂ ಇಷ್ಟ.”

‘ಇಷ್ಟ’ ಅನ್ನುವ ಮಾತು ಕಿವಿಗೆ ಸ್ವಲ್ಪ ಚುಚ್ಚಿತು. ಆದರೆ ಆ ಹೊತ್ತಿನಲ್ಲಿ ಅದನ್ನು ಹಿಡಿದು ಜಗ್ಗುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಪೂರ್ತಿ ಇದೆ ಅಂದಳಲ್ಲ, ಸಾಕು. ಫೋನಿಟ್ಟವಳೇ ತಂಗಿಯ ಹತ್ತಿರ ಓಡಿದಳು.

“ಏಳೇ ಸಣ್ಣೀ! ಸಾಕ್ಷಿ ಸಿಕ್ತು ಕಣೇ! ನಿನ್ನ ಸೂಜಿ, ಆ ಬೋಳಿಮಗ ಬಾಯ್ಮುಚ್ಚು ಅಂದಿದ್ದು, ಎಲ್ಲ ಇದೆಯಂತೆ. ದೊಡ್ಡ ಡಾಕ್ಟ್ರೂ ನೋಡ್ತಾರಂತೆ.”

“ನೋಡಿದ್ರೆ ಗಂಡನ ಮನೆಯೋರು ಏನಂತಾರಕ್ಕ?”

“ಅವರ ಮುಖಕ್ಕೆ ಬೆಂಕಿ ಹಾಕ. ಮೊದ್ಲು ನೀನು ಔಷಧಿ ತಿನ್ನು, ಮೈ ತುಂಬ್ಕೋ. ಆಮೇಲೆ ಆ ಮನೆಯೋರ ಮಾತು.”

ಸಣ್ಣಿ ಬಹಳ ದಿನಗಳ ಮೇಲೆ ತಲೆ ಬಾಚಿಕೊಂಡಳು. ಪಕ್ಕದ ಮನೆಯ ಟೈಲರ್ ಹೆಂಗಸು ತನ್ನ ಫೋನ್ ಕೊಡುತ್ತೇನೆ, ಕೋಣೆಯಲ್ಲೇ ಕೂತು ನೋಡು ಅಂದಳು. ಆ ತಾಯಿಯೊಬ್ಬಳೇ ಸಣ್ಣಿಯ ಹತ್ತಿರ ಕೂರಲು ಹೆದರದವಳು.

ಅಕ್ಕ ತಂಗಿ ಇಬ್ಬರಿಗೂ ಹೊಳೆಯದೆ ಹೋದದ್ದು ಒಂದೇ. ಇವರಿಗೆ ಕೈಮಾತು ಉಸಿರಾಟದಷ್ಟು ಸಲೀಸಾಗಿತ್ತು. ಅದು ಬರದವರೂ ಲೋಕದಲ್ಲಿ ಇರುತ್ತಾರೆ ಅನ್ನುವುದೇ ಮರೆತುಹೋಗಿತ್ತು.

ಭಾನುವಾರ ಮಧ್ಯಾಹ್ನ ಪೀಪಿ ಹೊಸ ಏಪ್ರನ್ ಎಸೆದು, ಹಾಗೆ ಕಿರುಚಿ ಹೋದ ಮೇಲೆ, ಉದ್ದಕ್ಕ ತನ್ನ ಫೋನನ್ನು ಸೋಪಿನ ಡಬ್ಬಿಗೆ ಒರಗಿಸಿ ನಿಲ್ಲಿಸಿದಳು. ಮಿಷನ್ ನಿಲ್ಲಿಸುವ ಹಾಗಿರಲಿಲ್ಲ. ಕೆಲಸ ನಡೆಯುತ್ತಿರುವುದು ಹಿಂದೆ ಕಾಣಬೇಕು ಎಂದು ದೊಡ್ಡ ಡಾಕ್ಟರರ ಅಪ್ಪಣೆಯಾಗಿತ್ತು. ಇಯರ್‌ಫೋನಿನ ಒಂದು ತುದಿ ದೊಡ್ಡಕ್ಕನ ಕಿವಿಗೆ, ಇನ್ನೊಂದು ಉದ್ದಕ್ಕನ ಕಿವಿಗೆ. ಹಿಂದೆ ಗುಂಪುಗೂಡಿದವರಿಗೆ ಕೇಳಿದ್ದನ್ನೆಲ್ಲ ಉದ್ದಕ್ಕ ಕೈಯಲ್ಲಿ ಹೇಳಬೇಕು. ಬಾಯ್ಲರ್ ನೋಡಿಕೊಳ್ಳುವ ಮುದುಕನನ್ನು ಎಲ್ಲರೂ ಮಾವ ಅನ್ನುತ್ತಿದ್ದರು. ಮಾವನೂ ಬಂದು ಕುತ್ತಿಗೆ ಚಾಚಿ ನಿಂತ.

ಫೋನಿನ ತುಂಬ ಪುಟ್ಟ ಪುಟ್ಟ ಚೌಕಗಳು, ಚೌಕಕ್ಕೊಂದು ಮುಖ. ಪುಸ್ತಕದ ಕಪಾಟಿನ ಮುಂದೆ ಕೂತ ಕನ್ನಡಕದವರು, ಸೋಫಾದ ಮೇಲೆ ಕಾಲು ಮಡಿಚಿದವರು, ಬೆಕ್ಕು ಎತ್ತಿಕೊಂಡವಳು. ಅರ್ಧಕ್ಕರ್ಧ ಚೌಕಗಳು ಬರೀ ಕಪ್ಪು. ಮುಖ ತೋರಿಸದೆ ನೋಡುವವರೂ ಇರುತ್ತಾರಲ್ಲ, ಅವರು. ಒಂದರಲ್ಲಿ ದೊಡ್ಡ ಡಾಕ್ಟರು, ಟೈ ಕಟ್ಟಿದ್ದರು. ಒಂದರಲ್ಲಿ ಕ್ಯಾಮೆರಾ ಮೇಡಂ. ತೀರ ಕೆಳಗಿನ ಮೂಲೆಯ ಚೌಕದಲ್ಲಿ, ಕತ್ತಲೆ ಕೋಣೆಯಲ್ಲಿ, ಕಣ್ಣಷ್ಟೇ ಎದ್ದು ಕಾಣುವ ಒಂದು ಮುಖ. ಉದ್ದಕ್ಕ ಅದರ ಮೇಲೆ ಬೆರಳಿಟ್ಟು ತೋರಿಸಿದಳು. ಎಲ್ಲರೂ ಬಗ್ಗಿ ಬಗ್ಗಿ ಸಣ್ಣಿಯನ್ನು ನೋಡಿದರು. ಎಷ್ಟು ಇಳಿದುಹೋಗಿದ್ದಾಳಪ್ಪ ಎಂದು ಮಾವ ಬಾಯಿ ಆಡಿಸಿದ.

ಬಳಗ ನಡೆಸುವಾಕೆ ಇಂಪಾದ ದನಿಯವಳು. “ಎಲ್ಲರಿಗೂ ಸ್ವಾಗತ. ಈ ಸಲದ ಚಿತ್ರ ಆಸ್ಪತ್ರೆಯ ಕಾಣದ ಕೈಗಳ ಬಗ್ಗೆ. ಆ ಕೈಗಳಲ್ಲಿ ಕೆಲವು ಇವತ್ತು ನಮ್ಮ ಜೊತೆಗೇ ಇವೆ ಅನ್ನೋದು ನಮ್ಮ ಭಾಗ್ಯ. ದಯವಿಟ್ಟು ಎಲ್ಲರೂ ಮೈಕ್ ಮುಚ್ಚಿಕೊಳ್ಳಿ.” ಉದ್ದಕ್ಕ ಇಷ್ಟನ್ನೂ ಕೈಯಲ್ಲಿ ಹೇಳಿದಳು. ‘ಭಾಗ್ಯ’ಕ್ಕೆ ಕೈಮಾತಿನಲ್ಲಿ ಪದವಿರಲಿಲ್ಲ, ಬಿಟ್ಟಳು.

ಚಿತ್ರ ಶುರುವಾಯಿತು. ಆಪರೇಷನ್ ಕೋಣೆಯ ದೀಪ, ಓಡುವ ಸ್ಟ್ರೆಚರು, ಹೆರಿಗೆಯಾದವಳ ಕಣ್ಣೀರು. ದೊಡ್ಡ ಡಾಕ್ಟರು ಕಿಟಕಿಯಿಂದ ಆಚೆ ನೋಡುತ್ತ ನಿಂತದ್ದು. ಅಡುಗೆಮನೆಯ ಹಬೆ. ಆಮೇಲೆ ಮೆಟ್ಟಿಲು ಇಳಿದು ಇಳಿದು, ತಮ್ಮದೇ ನೆಲಮಾಳಿಗೆ. ಹೆಂಗಸರು ಒಬ್ಬರನ್ನೊಬ್ಬರು ತಿವಿದರು. ದೊಡ್ಡಕ್ಕ ಫೋನಿನ ಮೇಲೆ ಇನ್ನಷ್ಟು ಬಗ್ಗಿದಳು.

ಸಣ್ಣಿ ಬಂದಳು. ತುಂಬಿದ ಕೆನ್ನೆಯ, ಹೋದ ವರ್ಷದ ಸಣ್ಣಿ. ಬಟ್ಟೆ ಕೊಡವಿದಳು. ಥಟ್ಟನೆ ಕೈ ಹಿಂದೆಳೆದಳು. ತೋರುಬೆರಳು ಅಂಗೈಗೆ ಹೋಯಿತು, ಮಣಿಕಟ್ಟಿನಿಂದ ಬೆರಳು ಆಡುತ್ತ ಇಳಿಯಿತು. ಮುಖದ ತುಂಬ ನಗು. ಆಚೆ ಕಡೆಯಿಂದ ದೊಡ್ಡಕ್ಕನ ಕೈ ಎದೆ ತಟ್ಟಿತು. ಸಣ್ಣಿಯ ಮುಷ್ಟಿ ತುಟಿಗೆ ಹೋಯಿತು, ಅಂಗೈ ಬಾಯಿಗೆ ಒತ್ತಿತು. ಎಲ್ಲ ಇತ್ತು. ಒಂದು ಬೆರಳಾಟವೂ ಕಳೆದುಹೋಗಿರಲಿಲ್ಲ. ಪೀಪಿಯ ಬೆನ್ನು ಮಾತ್ರ ಇರಲಿಲ್ಲ, ಅದನ್ನು ಕತ್ತರಿಸಿದ್ದರು. ಸೂಜಿ ಅವಳ ಬೆರಳುಗಳ ನಡುವೆ ಮರೆಯಾಗಿತ್ತು. ಮಿಷನ್ನುಗಳ ಸದ್ದೂ ಇರಲಿಲ್ಲ. ಅದರ ಜಾಗದಲ್ಲಿ ಕೊಳಲು, ತಬಲಾ, ಲವಲವಿಕೆಯ ಒಂದು ಧಾಟಿ. ಸಣ್ಣಿಯ ಬೆರಳು ಅಂಗೈ ಚುಚ್ಚುವುದಕ್ಕೂ ತಬಲಾದ ಪೆಟ್ಟು ಬೀಳುವುದಕ್ಕೂ ಸರಿಯಾಗಿ ಹೊಂದಿಸಿದ್ದರು. ಅದರ ಮೇಲೆ ಕ್ಯಾಮೆರಾ ಮೇಡಂನ ದನಿ:

“ಯಂತ್ರಗಳ ಆರ್ಭಟದ ನಡುವೆಯೂ ಇವರ ಕೈಗಳು ಕುಣಿಯುತ್ತವೆ. ಬಡತನ ಇವರ ನಗುವನ್ನು ಕಸಿದುಕೊಂಡಿಲ್ಲ.”

ಉದ್ದಕ್ಕನ ಕೈ ಗಾಳಿಯಲ್ಲೇ ನಿಂತುಬಿಟ್ಟಿತು. ಏನಂದರು, ಏನಂದರು ಎಂದು ಹಿಂದಿನವರು ಅವಳ ಭುಜ ಅಲುಗಾಡಿಸಿದರು. ಅವಳು ಹೇಳಲಿಲ್ಲ. ಫೋನಿನ ಗಾಜಿನ ಮೇಲೆ ಕೆಂಪು ಹೃದಯಗಳು, ಚಪ್ಪಾಳೆಯ ಕೈಗಳು ಗುಳ್ಳೆಗಳ ಹಾಗೆ ಮೇಲೇಳಲು ಶುರುವಾದವು. ಕಪ್ಪು ಚೌಕಗಳಿಂದಲೂ ಬಂದವು. ದೊಡ್ಡ ಡಾಕ್ಟರರ ಚೌಕದಿಂದಲೂ ಒಂದು ಹೃದಯ ಬಂತು.

ದೊಡ್ಡಕ್ಕ ಆ ಹೃದಯಗಳನ್ನೇ ನೋಡಿದಳು. ಇಷ್ಟು ಜನ ನೋಡಿದರು. ಎದುರಿಗೇ, ದೊಡ್ಡದಾಗಿ, ತಾಳ ಹಾಕಿ ತೋರಿಸಿದರು. ತಂಗಿಯ ಕೈಗೆ ಸೂಜಿ ಹೊಕ್ಕದ್ದನ್ನು ನೋಡಿ ಇವರೆಲ್ಲ ಚಪ್ಪಾಳೆ ತಟ್ಟಿದರಲ್ಲ! ಅಯ್ಯೋ ನನ್ನ ಬುದ್ಧಿಗಿಷ್ಟು ಎಂದುಕೊಂಡಳು. ಮೂಲೆಯ ಚೌಕ ನೋಡಲು ಧೈರ್ಯವಾಗಲಿಲ್ಲ. ನೋಡಿದಳು. ಸಣ್ಣಿ ಅಲುಗಾಡದೆ ಕೂತಿದ್ದಳು. ಟೈಲರ್ ಹೆಂಗಸಿನ ಕೈಯೊಂದು ಬಂದು ಅವಳ ಭುಜದ ಮೇಲೆ ಕೂತಿತು.

ಚಿತ್ರ ಮುಗಿದು ಮಾತು ಶುರುವಾಯಿತು. ಕನ್ನಡಕದವರು ಆರೋಗ್ಯ ಎಲ್ಲರ ಹಕ್ಕು ಅಂದರು. ಬೆಕ್ಕಿನವಳು ತಾನು ಅತ್ತೆ ಅಂದಳು. ದೊಡ್ಡ ಡಾಕ್ಟರು ಟೈ ಸರಿ ಮಾಡಿಕೊಂಡು, “ನಮ್ಮಲ್ಲಿ ಮೇಲಿನವರು ಕೆಳಗಿನವರು ಅಂತ ಇಲ್ಲ. ಬಟ್ಟೆ ಒಗೆಯುವವರೂ ನಮ್ಮ ಕುಟುಂಬ. ಅವರ ಆ ನಗುವೇ ನಮಗೆ ಸರ್ಟಿಫಿಕೇಟು,” ಅಂದರು. ಮತ್ತೆ ಹೃದಯಗಳು.

“ಈಗ ಆ ಕಾಣದ ಕೈಗಳಿಂದಲೇ ಎರಡು ಮಾತು ಕೇಳೋಣ,” ಅಂದಳು ಬಳಗದಾಕೆ. ಉದ್ದಕ್ಕ ಗುಂಡಿ ಒತ್ತಿದಳು. ದೊಡ್ಡಕ್ಕ ಬಾಯಿ ತೆರೆದಳು.

“ಸಾರ್, ಅದು ಹಂಗಲ್ಲ ಸಾರ್, ನಮ್ಮ ಹುಡುಗಿಗೆ ಅವತ್ತು...”

ಚೌಕಗಳಲ್ಲಿ ಮುಖಗಳು ಕಿವುಚಿಕೊಂಡವು. ಕೆಲವರು ಇಯರ್‌ಫೋನ್ ಕಿತ್ತರು. ಅಷ್ಟೂ ಮಿಷನ್ನುಗಳ ಸದ್ದು ಅವರ ಬೈಠಕ್‌ಖಾನೆಗಳಿಗೆ ಒಮ್ಮೆಲೇ ನುಗ್ಗಿತ್ತು. “ಅಮ್ಮಾ, ಅಮ್ಮಾ, ತುಂಬಾ ಗಲಾಟೆ! ಏನೂ ಕೇಳಿಸ್ತಿಲ್ಲ. ಪರವಾಗಿಲ್ಲ, ನಿಮ್ಮ ಮೈಕ್ ನಾವೇ ಮುಚ್ತೀವಿ. ನೀವು ಬರೀ ಕೈ ಬೀಸಿ, ಸಾಕು.” ಅಷ್ಟರಲ್ಲಿ ಯಾರೋ ಏನೋ ಹೇಳಿದರು. ಬಳಗದಾಕೆ ಚಿಕ್ಕ ಮಕ್ಕಳ ಹಾಗೆ ಅಂಗೈ ಜೋಡಿಸಿದಳು. “ಹೌದಲ್ಲಾ! ಅಮ್ಮಾ, ಆ ಡ್ಯಾನ್ಸು! ಅದನ್ನೊಂದ್ಸಲ ಎಲ್ಲರೂ ಸೇರಿ ಮಾಡಿ ತೋರಿಸ್ತೀರಾ? ಅದರ ಜೊತೆ ಮುಗಿಸೋಣ.”

ಉದ್ದಕ್ಕ ಇದನ್ನು ಹಿಂದಿನವರಿಗೆ ಹೇಳಬೇಕಾಯಿತು. ‘ಕುಣಿಯಬೇಕಂತೆ.’ ಮಾವ ಫೋನಿನ ಮೇಲೆ ಉಗುಳಿಬಿಡುವವನ ಹಾಗೆ ಮುಖ ಮಾಡಿದ.

ದೊಡ್ಡಕ್ಕ ಮುಂದೆ ಬಂದು ನಿಂತಳು. ತೋರುಬೆರಳಿನಿಂದ ಅಂಗೈ ಚುಚ್ಚಿಕೊಂಡಳು. ರಕ್ತ ಇಳಿಸಿದಳು. ಮುಷ್ಟಿ ತುಟಿಗಿಟ್ಟಳು, ಬಾಯಿಗೆ ಅಂಗೈ ಒತ್ತಿದಳು. ನಗಲಿಲ್ಲ. ಮತ್ತೆ ಮೊದಲಿಂದ ಹೇಳಿದಳು. ‘ಬಂತು’ ಎಂದು ತಟ್ಟುವವರೆಗೆ ಹೇಳುತ್ತಲೇ ಇರಬೇಕಲ್ಲ, ಅದೇ ಅಭ್ಯಾಸ. ಮುಖದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಹೃದಯಗಳು ಏಳುತ್ತಲೇ ಇದ್ದವು. ಕಪಾಟಿನ ಮುಂದಿನವರು ತಾವೂ ಎದ್ದು ನಿಂತು ಅಂಗೈ ಚುಚ್ಚಿಕೊಂಡು, ಬೆರಳು ಆಡಿಸಿ, ಅವಳ ಹಾಗೇ ಮಾಡಿ ನಕ್ಕರು. ಬೆಕ್ಕಿನವಳು ಬೆಕ್ಕಿನ ಕೈ ಹಿಡಿದು ಆಡಿಸಿದಳು.

ದೊಡ್ಡಕ್ಕ ಕೈ ಇಳಿಸಿದಳು. ಫೋನ್ ಬಿಟ್ಟು ಗೋಡೆಯ ಕಡೆ ನಡೆದಳು.

ಗೋಡೆಯಲ್ಲಿ ಕಬ್ಬಿಣದ ಪೆಟ್ಟಿಗೆ, ಅದರೊಳಗೆ ಎಲ್ಲ ಮಿಷನ್ನುಗಳ ಕರೆಂಟು ಕಡಿಯುವ ಕೆಂಪು ಹಿಡಿ. ಅದನ್ನು ಮುಟ್ಟಿದವರು ಮನೆಗೆ ಹೋಗುತ್ತಾರೆ ಎಂದು ಪೀಪಿ ಮೊದಲ ದಿನವೇ ಹೇಳಿಕೊಡುತ್ತಿದ್ದ. ಮಾವ ಅಡ್ಡ ಬಂದ. ಮೇಲೆ ಆಪರೇಷನ್ ಇದೆ ಎಂದು ಕೈಯಲ್ಲಿ ಹೇಳಿದ. ಅವಳು ಮಡಿಚಿಟ್ಟ ಬಟ್ಟೆಯ ರಾಶಿ ತೋರಿಸಿದಳು. ಅಲ್ಲಿ ಎರಡು ದಿನಕ್ಕಾಗುವಷ್ಟು ಬಟ್ಟೆಯಿತ್ತು, ರೋಗಿಗೆ ಏನೂ ಆಗುವುದಿಲ್ಲ. ಮಾವ ಒಂದು ಗಳಿಗೆ ಅವಳ ಮುಖ ನೋಡಿದ. ಎದೆಗೆ ಎರಡು ಸಲ ತಟ್ಟಿದ. ಹೋಗಿ ಬಾಯ್ಲರಿನ ಹಬೆ ಬಿಟ್ಟ. ಅವಳು ಎರಡೂ ಕೈಯಿಂದ ಹಿಡಿ ಎಳೆದಳು.

ಡ್ರಮ್ಮುಗಳು ತಿರುಗುತ್ತ ತಿರುಗುತ್ತ ಸೋತವು. ರೋಲರು ನರಳಿ ನಿಂತಿತು. ಬಾಯ್ಲರು ಉದ್ದಕ್ಕೆ ಉಸಿರು ಬಿಟ್ಟಿತು. ಆಮೇಲೆ ಏನೂ ಇಲ್ಲ. ಹೆಂಗಸರು ಬೆಚ್ಚಿಬಿದ್ದು ಗೋಡೆ, ಮಾಡು ನೋಡಿದರು. ಎಲ್ಲೋ ನಲ್ಲಿಯೊಂದು ತೊಟ್ಟಿಕ್ಕುತ್ತಿತ್ತು. ಅದು ಎಷ್ಟು ಕಾಲದಿಂದ ಹಾಗೆ ತೊಟ್ಟಿಕ್ಕುತ್ತಿತ್ತೋ, ಯಾರಿಗೂ ಗೊತ್ತಿರಲಿಲ್ಲ.

ಉದ್ದಕ್ಕ ಇಯರ್‌ಫೋನ್ ಕಿತ್ತಳು. ಬಳಗದಾಕೆಯ ದನಿ ಕೋಣೆಯ ತುಂಬ ಮೊಳಗಿತು. “ಓ, ಹಿಂದೆ ಮಿಷನ್ ನಿಂತು ಹೋದ ಹಾಗೆ ಕಾಣ್ತಿದೆ. ಒಳ್ಳೇದಾಯ್ತು! ಹೇಳಿ ಅಮ್ಮ, ನಿಮ್ಮ ಮೈಕ್ ತೆಗೀತೀನಿ.”

“ಯಾಕೆ ನಿಂತವು?” ಅಂದರು ದೊಡ್ಡ ಡಾಕ್ಟರು. “ಏಯ್, ಯಾರು ನಿಲ್ಲಿಸಿದ್ದು?”

“ನಾನು ಸಾರ್,” ಅಂದಳು ದೊಡ್ಡಕ್ಕ. ತನ್ನ ದನಿ ಅಷ್ಟು ಒರಟಾಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. “ಈಗ ಕೇಳ್ಸುತ್ತಾ ಎಲ್ಲಾರ್ಗೂ? ಕೇಳಿ ಹಂಗಾದ್ರೆ. ಅದು ಡ್ಯಾನ್ಸ್ ಅಲ್ಲ. ಇಲ್ಲಿ ಬಾಯಿ ಮಾತು ಕೇಳ್ಸಲ್ಲ, ಅದಕ್ಕೆ ಕೈಯಲ್ಲಿ ಮಾತಾಡ್ತೀವಿ. ಹಿಂಗೆ ಅಂದ್ರೆ ಸೂಜಿ. ಹಿಂಗೆ ಅಂದ್ರೆ ರಕ್ತ. ಹಿಂಗೆ ಅಂದ್ರೆ ನಮ್ಮ ಸೂಪರ್‌ವೈಸರ್. ಹಿಂಗೆ ಅಂದ್ರೆ ಬಾಯ್ಮುಚ್ಕೋ ಅಂತ. ನಿಮ್ಮ ವಾರ್ಡಿನ ಬಟ್ಟೇಲಿ ಬಂದ ಸೂಜಿ ನನ್ನ ತಂಗಿ ಕೈಗೆ ಚುಚ್ಚಿತು, ಬಾಯ್ಮುಚ್ಕೊಂಡು ಕೆಲಸ ಮಾಡು ಅಂದ ಅವನು. ಅದನ್ನೇ ಹೇಳ್ತಾ ಇದ್ಲು ಅವಳು. ನಗ್ತಾ ಇರು ಅಂದಿದ್ರಿ, ನಗ್ತಾ ಇದ್ಲು.”

ಕಪಾಟಿನ ಮುಂದಿನವರು ಎತ್ತಿದ್ದ ಕೈಯನ್ನು ಮೆಲ್ಲಗೆ ಇಳಿಸಿ ಕೂತರು. ಕ್ಯಾಮೆರಾ ಮೇಡಂ ಬಾಯಿಗೆ ಅಂಗೈ ಒತ್ತಿಕೊಂಡಿದ್ದಳು.

“ದೊಡ್ಡ ಡಾಕ್ಟ್ರೇ, ಎಲ್ಲರ ಎದುರಿಗೆ ನನ್ನ ತಂಗೀನ ಎಲ್ಲಿಂದ ತಂದ್ಕೊಂಡೆ ಅಂತ ಕೇಳಿದ್ರಿ. ಸಾಕ್ಷಿ ಇದೆಯಾ ಅಂದ್ರಿ. ಈಗ ತಾನೇ ನೋಡಿದ್ರಲ್ಲ, ಚೆನ್ನಾಗಿತ್ತಾ?”

“ಇವಳ ಮೈಕ್ ಮುಚ್ಚಿ ಮೊದ್ಲು!” ದೊಡ್ಡ ಡಾಕ್ಟರು ಅರಚಿದರು. ಅವರ ಚೌಕ ಕಪ್ಪಾಯಿತು.

“ಅಮ್ಮಾ, ನಿಮ್ಮ ನೋವು ನಮಗೆ ಅರ್ಥ ಆಗುತ್ತೆ,” ಬಳಗದಾಕೆ ತೊದಲಿದಳು. “ಆದ್ರೆ ಇದಕ್ಕೆ... ಇದಕ್ಕೆ ಬೇರೆ ವೇದಿಕೆ ಇರುತ್ತೆ. ಇವತ್ತು ಇಲ್ಲಿಗೆ ಮುಗಿಸೋಣ. ಎಲ್ಲರಿಗೂ ಧನ್ಯವಾದ.”

ಚೌಕಗಳು ಒಂದರ ಹಿಂದೆ ಒಂದು ಮಾಯವಾದವು. ಬೆಕ್ಕಿನವಳು ಹೋದಳು, ಕಪಾಟಿನವರು ಹೋದರು. ಕ್ಯಾಮೆರಾ ಮೇಡಂ ಏನೋ ಹೇಳಲು ಬಾಯಿ ತೆರೆದವಳು ಹಾಗೇ ಹೋದಳು. ಕೊನೆಗೆ ಮೂಲೆಯ ಕತ್ತಲೆ ಚೌಕವೊಂದು ಉಳಿಯಿತು. ಸಣ್ಣಿ ಫೋನಿಗೆ ತೀರ ಹತ್ತಿರ ಬಂದಿದ್ದಳು. ತೆಳ್ಳಗಾದ ಕೈಯೆತ್ತಿ ಎದೆಗೆ ತಟ್ಟಿದಳು. ಇನ್ನೊಂದು ಸಲ ತಟ್ಟಿದಳು. ಅಷ್ಟರಲ್ಲಿ ಅದೂ ಹೋಯಿತು.

ಮೆಟ್ಟಿಲ ಮೇಲೆ ಬೂಟಿನ ಸದ್ದು ದಡದಡ ಇಳಿದು ಬಂತು. ಪೀಪಿಯ ಜೊತೆ ಇನ್ನೂ ಯಾರೋ ಇದ್ದರು. “ಯಾವಳೇ ಅದು ಸ್ವಿಚ್ ಮುಟ್ಟಿದ್ದು? ಯಾವ ಹಡಬೆ?” ಎಂದು ಅವನು ಬಾಗಿಲಲ್ಲೇ ಕೂಗಿದ. ಇವತ್ತು ಒಂದಕ್ಷರವೂ ಬಿಡದೆ ಎಲ್ಲರಿಗೂ ಕೇಳಿಸಿತು.

ಹೆಂಗಸರು ಹೊಸ ಏಪ್ರನ್ ಬಿಚ್ಚಿ ಮಡಿಚುವ ಮೇಜಿನ ಮೇಲೆ ಇಟ್ಟರು. ಹೋಗಿ ಕೆಂಪು ಹಿಡಿಯ ಮುಂದೆ, ಅವನಿಗೆ ಬೆನ್ನು ಹಾಕಿ, ಒಬ್ಬಳ ಭುಜಕ್ಕೆ ಒಬ್ಬಳು ಭುಜ ತಾಗಿಸಿ ನಿಂತರು. ನಡುವೆ ದೊಡ್ಡಕ್ಕ, ಒಂದು ಮಗ್ಗುಲಿಗೆ ಉದ್ದಕ್ಕ, ಇನ್ನೊಂದು ಮಗ್ಗುಲಿಗೆ ಮಾವ. ಪೀಪಿ ಸೀಟಿ ಬಾಯಿಗಿಟ್ಟು ಊದಿದ. ಆ ಕೋಣೆಯಲ್ಲಿ ಮೊದಲ ಸಲ ಅದು ಕಿವಿ ಸೀಳುವ ಹಾಗೆ ಕೇಳಿಸಿತು. ಅವನು ಮತ್ತೆ ಊದಿದ. ಯಾರೂ ತಿರುಗಿ ನೋಡಲಿಲ್ಲ.